ಬರೆದು ಬದುಕಲು ಹೊರಟವರಿಗೆ: ಯಾವ ದಾರಿ ಯಾರಿಗೆ?

ಬರೆದೇ ಬದುಕುತ್ತೇನೆ ಅಂತ ಹೊರಡುವವರ ಮುಂದೆ ಇರುವುದು ಒಂದೇ ದಾರಿಯಲ್ಲ. ಸಂಬಳಕ್ಕೆ ಬರೆಯಬಹುದು. ಪತ್ರಿಕೆಗಳಿಗೆ ಬಿಡಿ ಲೇಖನ ಕೊಡಬಹುದು. ಕಂಪನಿಗಳಿಗೆ ಅವರ ಹೆಸರಿನಲ್ಲಿ ಬರೆದುಕೊಡಬಹುದು. ಪುಸ್ತಕ ಬರೆಯಬಹುದು. ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಂಡು ದಿನಕ್ಕೆ ಒಂದೆರಡು ಗಂಟೆ ತಮಗಾಗಿ ಬರೆಯಬಹುದು. ಹೊರಗಿನವರು ಎಲ್ಲರನ್ನೂ ಕರೆಯುವುದು ‘ರೈಟರ್’ ಅಂತಲೇ. ಒಳಗಿನ ಲೆಕ್ಕಾಚಾರ ಮಾತ್ರ ಒಂದೊಂದರದ್ದೂ ಬೇರೆ.

ಹೊಸಬರು ಮೊದಲು ಕೇಳುವುದು ‘ಎಷ್ಟು ಸಿಗುತ್ತದೆ’ ಅಂತ. ತಪ್ಪೇನಲ್ಲ, ಬಾಡಿಗೆ ಕಟ್ಟಬೇಕಲ್ವಾ. ಆದರೆ ಅದೊಂದನ್ನೇ ಇಟ್ಟುಕೊಂಡು ದಾರಿ ಆರಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿಕೊಳ್ಳಿ. ದುಡ್ಡು ಯಾವಾಗ ಕೈಸೇರುತ್ತದೆ? ಬರೆದದ್ದರ ಹಕ್ಕು ಯಾರ ಬಳಿ ಉಳಿಯುತ್ತದೆ? ನನ್ನ ಬರಹವನ್ನು ತಿದ್ದುವವರು ಯಾರು?

ಶುರುವಿನ ಎರಡು ಮೂರು ವರ್ಷ ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ ಅಂತ ನನಗನಿಸುತ್ತದೆ. ಬರವಣಿಗೆ ಕಲಿಯುವುದು ಬರೆದು ಮಾತ್ರ ಅಲ್ಲ, ತಿದ್ದಿಸಿಕೊಂಡು. ತನ್ನ ವಾಕ್ಯದಲ್ಲಿ ಎಲ್ಲಿ ನೀರು ಬೆರೆತಿದೆ ಅನ್ನುವುದು ಬರೆದವನಿಗೇ ಬೇಗ ಕಾಣುವುದಿಲ್ಲ. ಕೆಂಪು ಗೆರೆ ಎಳೆಯುವ ಸಂಪಾದಕರು ಸಿಗುವ ದಾರಿ ಸ್ವಲ್ಪ ಕಡಿಮೆ ದುಡ್ಡು ಕೊಟ್ಟರೂ ನಷ್ಟವಿಲ್ಲ. ಯಾರೂ ತಿದ್ದದೆ ಸುಮ್ನೆ ‘ಚೆನ್ನಾಗಿದೆ’ ಅಂದು ಪ್ರಕಟಿಸುವ ಕಡೆ ಐದು ವರ್ಷ ಬರೆದರೂ ಮೊದಲ ವರ್ಷದ ತಪ್ಪುಗಳೇ ಜೊತೆಗೆ ಬರುತ್ತವೆ.

ಹಕ್ಕಿನ ವಿಷಯವನ್ನೂ ಮೊದಲೇ ಬಿಡಿಸಿಕೊಂಡುಬಿಡೋಣ. ಸಾಹಿತ್ಯ ಕೃತಿಗಳ ಹಕ್ಕಿನ ಬಗ್ಗೆ 1886ರಲ್ಲಿ ಆದ ಬರ್ನ್ ಒಪ್ಪಂದದಲ್ಲಿ ಇವತ್ತು ಜಗತ್ತಿನ ಬಹುಪಾಲು ದೇಶಗಳಿವೆ. ಅದರ ಪ್ರಕಾರ ಕಾಪಿರೈಟ್‌ಗೆ ನೋಂದಣಿ ಬೇಕಿಲ್ಲ. ನೀವು ಬರೆದಿಟ್ಟ ಕ್ಷಣವೇ ಹಕ್ಕು ನಿಮ್ಮದು. ಬರೆದವರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಅದು ಉಳಿಯಬೇಕು. ಅನೇಕ ದೇಶಗಳು ಇದನ್ನು 70 ವರ್ಷಕ್ಕೆ ಏರಿಸಿಕೊಂಡಿವೆ. ಆದರೆ ಹಕ್ಕು ಇರುವುದು ಬರೆದ ರೂಪಕ್ಕೆ ಮಾತ್ರ, ಐಡಿಯಾಕ್ಕೆ ಅಲ್ಲ. ‘ನನ್ನ ಐಡಿಯಾ ಕದ್ದುಬಿಟ್ಟರೆ’ ಅನ್ನುವ ಭಯದಲ್ಲಿ ಯಾರಿಗೂ ಏನೂ ಹೇಳದೆ ಕೂತವರನ್ನು ಕಂಡಿದ್ದೇನೆ. ಆ ಭಯಕ್ಕೆ ಕಾನೂನಿನಲ್ಲಿ ಮದ್ದಿಲ್ಲ. ನಿಜ ಹೇಳಬೇಕೆಂದರೆ ಮದ್ದಿನ ಅಗತ್ಯವೂ ಅಷ್ಟಾಗಿ ಇಲ್ಲ. ಐಡಿಯಾ ಎಲ್ಲರ ಹತ್ತಿರವೂ ಇರುತ್ತದೆ, ಬರೆದು ಮುಗಿಸುವವರು ಕಡಿಮೆ.

ಸಂಬಳದ ಬರವಣಿಗೆ

ಪತ್ರಿಕೆಯ ಡೆಸ್ಕ್ (ವರದಿಗಳನ್ನು ತಿದ್ದಿ ಪುಟಕ್ಕೆ ಸಿದ್ಧಪಡಿಸುವ ವಿಭಾಗ), ಜಾಹೀರಾತು ಏಜೆನ್ಸಿಯ ಕಾಪಿ ವಿಭಾಗ, ಸಾಫ್ಟ್‌ವೇರ್ ಕಂಪನಿಯ ಟೆಕ್ನಿಕಲ್ ರೈಟಿಂಗ್, ಸಂಸ್ಥೆಗಳ ಸಂಪರ್ಕ ವಿಭಾಗ ಇವೆಲ್ಲ ಈ ಗುಂಪಿನವು. ತಿಂಗಳಿಗೆ ಸರಿಯಾಗಿ ದುಡ್ಡು ಬರುತ್ತದೆ. ಹಕ್ಕು ಸಾಮಾನ್ಯವಾಗಿ ಕೆಲಸ ಕೊಟ್ಟವರದ್ದು. ಕೆಲಸದ ಭಾಗವಾಗಿ ಬರೆದದ್ದಕ್ಕೆ ಆಮೇಲೆ ‘ಇದು ನನ್ನದು’ ಅನ್ನಲು ಬಹಳ ದೇಶಗಳಲ್ಲಿ ಬರುವುದಿಲ್ಲ. ಹೆಸರೂ ಎಲ್ಲ ಕಡೆ ಬರುವುದಿಲ್ಲ.

ಸಾಹಿತ್ಯದ ಕನಸಿಟ್ಟುಕೊಂಡವರು ಈ ಕೆಲಸಗಳನ್ನು ಕೀಳಾಗಿ ನೋಡುವುದುಂಟು. ನನಗೆ ಮಾತ್ರ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಕಾಣುವುದಿಲ್ಲ. ಒಂದು ಉದಾಹರಣೆ ನೋಡಿ. ಒಂದು ಆ್ಯಪ್‌ನ ಸಹಾಯ ಪುಟಕ್ಕೆ ಹೊಸಬರೊಬ್ಬರು ಹೀಗೆ ಬರೆದರು ಅಂತಿಟ್ಟುಕೊಳ್ಳಿ:

‘ಬಳಕೆದಾರರು ತಮ್ಮ ಖಾತೆಯ ಪಾಸ್‌ವರ್ಡ್ ಅನ್ನು ಬದಲಾಯಿಸಿಕೊಳ್ಳುವ ನಿಟ್ಟಿನಲ್ಲಿ ಸೆಟ್ಟಿಂಗ್ಸ್ ವಿಭಾಗಕ್ಕೆ ಭೇಟಿ ನೀಡಿ ಅಗತ್ಯ ಕ್ರಮಗಳನ್ನು ಕೈಗೊಳ್ಳಬಹುದಾಗಿದೆ.’

ಸಂಪಾದಕರ ಮೇಜಿನಿಂದ ಅದು ಹೀಗೆ ವಾಪಸ್ ಬರುತ್ತದೆ:

‘ಪಾಸ್‌ವರ್ಡ್ ಬದಲಿಸಲು ಸೆಟ್ಟಿಂಗ್ಸ್ ತೆರೆಯಿರಿ. ‘ಪಾಸ್‌ವರ್ಡ್’ ಒತ್ತಿ. ಹೊಸದನ್ನು ಎರಡು ಸಲ ಟೈಪ್ ಮಾಡಿ.’

‘ನಿಟ್ಟಿನಲ್ಲಿ’ ಹೋಯಿತು, ‘ಭೇಟಿ ನೀಡಿ’ ಹೋಯಿತು, ‘ಕ್ರಮ ಕೈಗೊಳ್ಳಬಹುದಾಗಿದೆ’ ಹೋಯಿತು. ಜೊತೆಗೆ ಮೊದಲ ವಾಕ್ಯದಲ್ಲಿ ಇಲ್ಲದೇ ಇದ್ದ ಒಂದು ವಿಷಯ, ಎರಡು ಸಲ ಟೈಪ್ ಮಾಡಬೇಕು ಅನ್ನುವುದು, ಒಳಗೆ ಬಂತು. ಅಂದರೆ ಬರೆದವರು ಆ ಆ್ಯಪ್ ತೆರೆದು ಮಾಡಿ ನೋಡಿರಲೇ ಇಲ್ಲ. ಈ ಥರದ ತಿದ್ದುಪಡಿ ದಿನಕ್ಕೆ ಹತ್ತು ಬಿದ್ದರೆ ಆರು ತಿಂಗಳಲ್ಲಿ ಕೈ ಬದಲಾಗುತ್ತದೆ. ಕಥೆ ಬರೆಯುವಾಗಲೂ ಅದು ಕೆಲಸಕ್ಕೆ ಬರುತ್ತದೆ.

ಸುದ್ದಿಮನೆಯ ಡೆಸ್ಕ್ ಬೇರೆಯದನ್ನು ಕಲಿಸುತ್ತದೆ. 800 ಪದದ ವರದಿಯನ್ನು 300ಕ್ಕೆ ಇಳಿಸಬೇಕು, ಪುಟ ಅಚ್ಚಿಗೆ ಹೋಗಲು ಇನ್ನು ಇಪ್ಪತ್ತು ನಿಮಿಷ ಅಂದಾಗ ಯಾವ ಪ್ಯಾರಾ ಮೊದಲು ಹೋಗಬೇಕು ಅನ್ನುವುದು ಕೈಗೇ ಗೊತ್ತಾಗುತ್ತದೆ. ಮೂಡ್ ಬರಲಿ ಅಂತ ಕಾಯುವ ಚಟವೂ ಅಲ್ಲೇ ಬಿಟ್ಟುಹೋಗುತ್ತದೆ.

ಕಷ್ಟ ಎಲ್ಲಿ ಅಂದರೆ, ಇಡೀ ದಿನ ಪದಗಳ ಜೊತೆ ಗುದ್ದಾಡಿ ಮನೆಗೆ ಬಂದವರಿಗೆ ರಾತ್ರಿ ಮತ್ತೆ ತಮ್ಮದನ್ನು ಬರೆಯಲು ತಲೆ ಉಳಿದಿರುವುದಿಲ್ಲ. ಕಾದಂಬರಿಯೇ ಗುರಿ ಅಂದುಕೊಂಡವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಪತ್ರಿಕೆಗಳಿಗೆ ಬಿಡಿ ಲೇಖನ

ಫ್ರೀಲ್ಯಾನ್ಸ್ ಅಂದ ತಕ್ಷಣ ಎಲ್ಲರ ಕಣ್ಣಿಗೆ ಕಟ್ಟುವುದು ಇದೇ. ಹೆಸರು ಬರುತ್ತದೆ, ವಿಷಯ ನಾವೇ ಆರಿಸಿಕೊಳ್ಳಬಹುದು, ಬಾಸ್ ಇಲ್ಲ. ಈ ಮೂರೂ ಅರ್ಧ ನಿಜ.

ಇಲ್ಲಿ ಕೆಲಸ ಶುರುವಾಗುವುದು ಲೇಖನದಿಂದಲ್ಲ, ಪಿಚ್‌ನಿಂದ. ಸಂಪಾದಕರಿಗೆ ನಾಲ್ಕೈದು ವಾಕ್ಯದಲ್ಲಿ ‘ಇದನ್ನು ಬರೆಯುತ್ತೇನೆ, ಬೇಕಾ’ ಅಂತ ಕೇಳುವುದು. ಹೊಸಬರ ಪಿಚ್‌ನಲ್ಲಿ ವಿಷಯ ಇರುತ್ತದೆ, ಕಥೆ ಇರುವುದಿಲ್ಲ. ‘ನಗರಗಳಲ್ಲಿ ನೀರಿನ ಸಮಸ್ಯೆ ಬಗ್ಗೆ ಬರೆಯಲೇ?’ ಅಂದರೆ ಅದು ವಿಷಯ. ‘ರಾತ್ರಿ ಎರಡು ಗಂಟೆಗೆ ವಾಲ್ವ್ ತಿರುಗಿಸಿ ಯಾವ ಬೀದಿಗೆ ನೀರು ಬಿಡಬೇಕು ಅಂತ ತೀರ್ಮಾನಿಸುವ ಕೆಲಸಗಾರರ ಜೊತೆ ಒಂದು ವಾರ ಓಡಾಡಿ, ಆ ತೀರ್ಮಾನ ಹೇಗೆ ಆಗುತ್ತದೆ ಅಂತ 1,500 ಪದದಲ್ಲಿ ಬರೆಯುತ್ತೇನೆ. ಇಬ್ಬರು ಮಾತಾಡಲು ಒಪ್ಪಿದ್ದಾರೆ. ಇಪ್ಪತ್ತನೇ ತಾರೀಕಿನೊಳಗೆ ಕೊಡಬಲ್ಲೆ’ ಅಂದರೆ ಅದು ಪಿಚ್. ಯಾರು, ಏನು, ಎಷ್ಟು ಉದ್ದ, ಯಾವಾಗ, ಇವರಿಂದ ಆಗುತ್ತದಾ, ಎಲ್ಲಕ್ಕೂ ಉತ್ತರ ಒಂದೇ ಪ್ಯಾರಾದಲ್ಲಿ ಸಿಕ್ಕಿತು.

ದುಡ್ಡಿನ ವಿಷಯದಲ್ಲಿ ಎರಡು ಪದ್ಧತಿ ಇವೆ. ಕೆಲವರು ಲೇಖನ ಒಪ್ಪಿದಾಗ ಕೊಡುತ್ತಾರೆ, ಕೆಲವರು ಪ್ರಕಟವಾದ ಮೇಲೆ. ಕೇಳಲು ಸಣ್ಣ ವ್ಯತ್ಯಾಸ. ಆದರೆ ಒಪ್ಪಿದ ಲೇಖನ ‘ಜಾಗ ಸಿಕ್ಕಾಗ ಹಾಕೋಣ’ ಅಂತ ತಿಂಗಳುಗಟ್ಟಲೆ ಕೂತರೆ ಎರಡನೆಯ ಪದ್ಧತಿಯಲ್ಲಿ ನಿಮ್ಮ ದುಡ್ಡೂ ಅಲ್ಲೇ ಕೂರುತ್ತದೆ. ಬರೆಯಲು ಹೇಳಿ, ಬರೆಸಿಕೊಂಡು, ಆಮೇಲೆ ಬೇಡ ಅಂದರೆ ಒಪ್ಪಿದ ಮೊತ್ತದ ಒಂದು ಭಾಗ ಕೊಡಬೇಕು ಅನ್ನುವ ಪದ್ಧತಿಯೂ ಉಂಟು, ಅದಕ್ಕೆ ಕಿಲ್ ಫೀ ಅನ್ನುತ್ತಾರೆ. ಅದು ತಾನಾಗಿ ಬರುವುದಿಲ್ಲ, ಮೊದಲೇ ಮಾತಾಡಿ ಇಮೇಲ್‌ನಲ್ಲಿ ಬರೆಸಿಕೊಂಡಿರಬೇಕು.

ಈಗ ಪದಕ್ಕೆ ಇಷ್ಟು ಅನ್ನುವ ದರ. ಇದು ಮೋಸದ ಅಳತೆ. ಎರಡು ಕೆಲಸ ಬಂದಿವೆ ಅನ್ನಿ. ಮೊದಲನೆಯದು 1,500 ಪದ, ಪದಕ್ಕೆ 2ರಂತೆ 3,000. ಎರಡನೆಯದು 600 ಪದ, ಪದಕ್ಕೆ 1ರಂತೆ ಬರೀ 600. ಮೊದಲನೆಯದಕ್ಕೆ ಓದಲು 4 ಗಂಟೆ, ಮೂವರ ಸಂದರ್ಶನಕ್ಕೆ 5, ಬರೆಯಲು 8, ತಿದ್ದಲು 3, ಒಟ್ಟು 20 ಗಂಟೆ ಬೇಕಾಯಿತು. ಗಂಟೆಗೆ 150. ಎರಡನೆಯದು ನಿಮಗೆ ಗೊತ್ತಿರುವ ವಿಷಯ, 3 ಗಂಟೆಯಲ್ಲಿ ಮುಗಿಯಿತು. ಗಂಟೆಗೆ 200. ದರ ಅರ್ಧ, ದುಡಿಮೆ ಜಾಸ್ತಿ! ಆದರೆ ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. ಮೊದಲ ಲೇಖನದಲ್ಲಿ ನೀವು ಕೊಟ್ಟದ್ದು ಮೊದಲ ಪ್ರಕಟಣೆಯ ಹಕ್ಕು ಮಾತ್ರ ಆಗಿದ್ದರೆ, ಅದೇ ಲೇಖನವನ್ನು ಆಮೇಲೆ ಮತ್ತೊಂದು ಕಡೆ ಮರುಪ್ರಕಟಣೆಗೆ ಕೊಡಬಹುದು, ಬೇರೆ ಭಾಷೆಗೆ ಮಾರಬಹುದು, ಮುಂದೆ ಪುಸ್ತಕಕ್ಕೆ ಸೇರಿಸಬಹುದು. 20 ಗಂಟೆ ಒಂದೇ ಸಲ ಖರ್ಚಾಯಿತು, ಆದಾಯ ಮಾತ್ರ ಎರಡು ಮೂರು ಸಲ ಬರಬಹುದು.

ಹಾಗಾಗಿಯೇ ಒಪ್ಪಂದದ ಪತ್ರದಲ್ಲಿ ‘ಈಗ ಇರುವ ಮತ್ತು ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ’ ಅನ್ನುವ ಸಾಲು ಕಂಡರೆ ಪೆನ್ನು ಕೆಳಗಿಟ್ಟು ಇನ್ನೊಂದು ಸಲ ಓದಿ. ಆ ಸಾಲಿಗೆ ಸಹಿ ಹಾಕಲೇಬಾರದು ಅಂತಲ್ಲ. ಅದಕ್ಕೆ ತಕ್ಕ ಬೆಲೆ ಸಿಗುತ್ತಿದೆಯಾ ನೋಡಿ. ‘ಮೊದಲ ಪ್ರಕಟಣೆಯ ಹಕ್ಕು ಮಾತ್ರ ಕೊಡುತ್ತೇನೆ’ ಅಂತ ಕೇಳಿದರೆ ಒಪ್ಪುವ ಸಂಪಾದಕರು ನೀವಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಕೇಳುವವರೇ ಕಡಿಮೆ.

ತಿದ್ದುವವರು? ಇಲ್ಲಿ ಅದೃಷ್ಟದ ಮಾತು. ಒಳ್ಳೆಯ ಸಂಪಾದಕರು ಸಿಕ್ಕರೆ ಒಂದೇ ಲೇಖನಕ್ಕೆ ಮೂರು ಸುತ್ತು ಪ್ರಶ್ನೆ ಕಳಿಸುತ್ತಾರೆ. ಅವರನ್ನು ಬಿಡಬೇಡಿ. ಬೇರೆಯವರು ಸ್ವಲ್ಪ ಹೆಚ್ಚು ಕೊಟ್ಟರೂ ವರ್ಷಕ್ಕೆ ಮೂರು ನಾಲ್ಕು ಲೇಖನ ಇವರಿಗೇ ಕೊಡಿ.

ಕಂಪನಿಗಳಿಗೆ ಬರೆದುಕೊಡುವುದು

ವೆಬ್‌ಸೈಟ್, ವಾರ್ಷಿಕ ವರದಿ, ಭಾಷಣ, ಜಾಹೀರಾತು, ವಿಡಿಯೋ ಸ್ಕ್ರಿಪ್ಟ್, ಇನ್ನೊಬ್ಬರ ಹೆಸರಿನಲ್ಲಿ ಪುಸ್ತಕ. ಸ್ವತಂತ್ರವಾಗಿ ಬರೆಯುವವರಲ್ಲಿ ಬಹಳ ಜನರ ಮನೆ ನಡೆಯುವುದು ಇದರಿಂದಲೇ. ಪತ್ರಿಕೆಯ ಲೇಖನ ಹೆಸರು ಕೊಡುತ್ತದೆ, ಇದು ಬಾಡಿಗೆ ಕಟ್ಟುತ್ತದೆ. ಇದನ್ನು ಹೇಳಿಕೊಳ್ಳಲು ಯಾಕೋ ನಾಚಿಕೆ ಪಡುತ್ತಾರೆ.

ಹಕ್ಕು ಪೂರ್ತಿ ಅವರಿಗೇ ಹೋಗುತ್ತದೆ, ಹೆಸರು ಬರುವುದಿಲ್ಲ. ಅದಕ್ಕೆ ತಕ್ಕಂತೆ ದರ ಇರಬೇಕು. ಇನ್ನೊಬ್ಬರಿಗಾಗಿ ಪುಸ್ತಕ ಬರೆದುಕೊಡುವಾಗ ಗುಟ್ಟು ಕಾಯುವ ಷರತ್ತು ಇರುತ್ತದೆ. ಅಂದರೆ ಅದನ್ನು ಮುಂದಿನ ಗಿರಾಕಿಗೆ ಮಾದರಿ ಅಂತ ತೋರಿಸಲೂ ಆಗುವುದಿಲ್ಲ. ಹೊಸಬರಿಗೆ ಇದು ಸಣ್ಣ ನಷ್ಟವಲ್ಲ, ಯಾಕೆಂದರೆ ತೋರಿಸಲು ಅವರ ಬಳಿ ಇರುವುದೇ ನಾಲ್ಕು ಬರಹ. ಕೆಲಸ ಒಪ್ಪುವ ಮುಂಚೆ ‘ಒಂದು ಅಧ್ಯಾಯವನ್ನಾದರೂ ಖಾಸಗಿಯಾಗಿ ಮಾದರಿಗೆ ತೋರಿಸಬಹುದೇ’ ಅಂತ ಕೇಳಿ ನೋಡಿ.

ತಲೆನೋವು ಬರುವುದು ಮರುತಿದ್ದುಪಡಿಯಲ್ಲಿ. ಪತ್ರಿಕೆಯಲ್ಲಿ ತಿದ್ದುವವರು ಬರವಣಿಗೆ ಬಲ್ಲವರು. ಇಲ್ಲಿ ತಿದ್ದುವವರು ಮಾರ್ಕೆಟಿಂಗ್‌ನವರು, ಕಾನೂನು ವಿಭಾಗದವರು, ಕೊನೆಗೆ ‘ನಮ್ಮ ಸರ್ ಒಂದು ಸಲ ನೋಡಬೇಕಂತೆ’. ಒಬ್ಬರು ಉದ್ದ ಮಾಡಿ ಅನ್ನುತ್ತಾರೆ, ಇನ್ನೊಬ್ಬರು ಚಿಕ್ಕದು ಮಾಡಿ ಅನ್ನುತ್ತಾರೆ. ಹಾಗಾಗಿ ಎರಡು ಸುತ್ತು ತಿದ್ದುಪಡಿ ದರದೊಳಗೆ, ಮೂರನೆಯದರಿಂದ ಬೇರೆ ದುಡ್ಡು, ಅಭಿಪ್ರಾಯ ಎಲ್ಲ ಒಬ್ಬರ ಮೂಲಕವೇ ಬರಬೇಕು ಅಂತ ಶುರುವಿಗೇ ಬರೆದುಕೊಳ್ಳಿ. ಹೊಸ ಗಿರಾಕಿಯಾದರೆ ಅರ್ಧ ದುಡ್ಡು ಮುಂಗಡ. ಮುಂಗಡ ಕೇಳಿದ್ದಕ್ಕೆ ಓಡಿಹೋಗುವ ಗಿರಾಕಿ ಕೊನೆಯಲ್ಲಿ ದುಡ್ಡು ಕೊಡುವಾಗಲೂ ಓಡಿಹೋಗುವವನೇ.

ಒಂದು ಮಾತು ಸೇರಿಸಬೇಕು. ಅಲ್ಲಿಂದ ಇಲ್ಲಿಂದ ಓದಿ ಐನೂರು ಪದ ತುಂಬಿಸುವ ಅಗ್ಗದ ಕಂಟೆಂಟ್ ಕೆಲಸದಿಂದ ಶುರು ಮಾಡಿ ಎಂದು ಮೊದಲೆಲ್ಲ ಹೇಳುತ್ತಿದ್ದರು. ಈಗ ಅದನ್ನು ಯಂತ್ರವೇ ಕ್ಷಣದಲ್ಲಿ ಬರೆದುಬಿಡುತ್ತದೆ. ಆ ಮೆಟ್ಟಿಲಿನ ಮೇಲೆ ಕಾಲಿಡಬೇಡಿ. ಎದ್ದು ಹೋಗಿ ನೋಡಿ ಬರಬೇಕಾದ್ದು, ಜನರನ್ನು ಮಾತಾಡಿಸಿ ತರಬೇಕಾದ್ದು, ಒಂದು ಕ್ಷೇತ್ರವನ್ನು ಒಳಗಿನಿಂದ ತಿಳಿದು ಬರೆಯಬೇಕಾದ್ದು, ಇಂಥ ಕೆಲಸದಲ್ಲೇ ಇನ್ನೂ ಬೆಲೆಯಿದೆ. ನರ್ಸ್ ಆಗಿದ್ದವರು ಆರೋಗ್ಯದ ಬಗ್ಗೆ, ಲೆಕ್ಕಪತ್ರ ನೋಡಿಕೊಂಡಿದ್ದವರು ತೆರಿಗೆಯ ಬಗ್ಗೆ ಬರೆಯಲು ಬಂದರೆ ಅವರಿಗೆ ಪೈಪೋಟಿ ಕಡಿಮೆ.

ಪುಸ್ತಕ: ಪ್ರಕಾಶಕರ ಮೂಲಕವೋ, ಸ್ವಂತವಾಗಿಯೋ?

ಬಹಳ ಜನ ಬರವಣಿಗೆ ವೃತ್ತಿ ಅಂದರೆ ಪುಸ್ತಕ ಅಂತಲೇ ತಿಳಿದಿರುತ್ತಾರೆ. ಆದಾಯದ ದೃಷ್ಟಿಯಿಂದ ಇದು ಎಲ್ಲಕ್ಕಿಂತ ನಿಧಾನದ ದಾರಿ. ಬರೆಯಲು ವರ್ಷ, ಪ್ರಕಾಶಕರ ಉತ್ತರಕ್ಕೆ ತಿಂಗಳುಗಳು, ಒಪ್ಪಿದ ಮೇಲೆ ಅಂಗಡಿಗೆ ಬರಲು ದೊಡ್ಡ ಪ್ರಕಾಶಕರಲ್ಲಿ ಮತ್ತೆ ಒಂದೆರಡು ವರ್ಷ. ಆಮೇಲೆ ರಾಯಲ್ಟಿ, ಅಂದರೆ ಮಾರಾಟದಲ್ಲಿ ಲೇಖಕರಿಗೆ ಸಿಗುವ ಪಾಲಿನ ಲೆಕ್ಕ ವರ್ಷಕ್ಕೆ ಒಂದೋ ಎರಡೋ ಸಲ.

ರಾಯಲ್ಟಿ ಶೇಕಡಾ ಎಷ್ಟು ಅನ್ನುವುದಕ್ಕಿಂತ ಯಾವುದರ ಮೇಲೆ ಶೇಕಡಾ ಅನ್ನುವುದು ಮುಖ್ಯ. ಪುಸ್ತಕದ ಮುಖಬೆಲೆ 200 ಅನ್ನಿ. ಮುಖಬೆಲೆಯ ಮೇಲೆ ಶೇಕಡಾ 10 ಅಂದರೆ ಪ್ರತಿಗೆ 20. ಆದರೆ ಒಪ್ಪಂದದಲ್ಲಿ ‘ಪ್ರಕಾಶಕರ ಕೈಸೇರಿದ ಮೊತ್ತದ ಮೇಲೆ’ ಅಂತಿದ್ದು, ಅಂಗಡಿಗೆ ಅರ್ಧ ಬೆಲೆಗೆ ಕೊಟ್ಟರೆ ಅದೇ ಶೇಕಡಾ 10 ಈಗ ಬರೀ 10 ಆಗುತ್ತದೆ. ಅಂಕಿ ಒಂದೇ, ದುಡ್ಡು ಅರ್ಧ.

ಅಡ್ವಾನ್ಸ್ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಅದು ಬೋನಸ್ ಅಲ್ಲ, ಮುಂದೆ ಬರಬೇಕಾದ ರಾಯಲ್ಟಿಯನ್ನೇ ಮೊದಲು ಕೊಡುವುದು. ಮೇಲಿನ ಪುಸ್ತಕಕ್ಕೆ 20,000 ಅಡ್ವಾನ್ಸ್ ಸಿಕ್ಕಿದ್ದು, ಪ್ರತಿಗೆ 20 ರಾಯಲ್ಟಿ ಇದ್ದರೆ, ಮೊದಲ 1,000 ಪ್ರತಿ ಮಾರಾಟವಾಗುವ ತನಕ ನಿಮಗೆ ಹೊಸದಾಗಿ ಏನೂ ಬರುವುದಿಲ್ಲ. 1,001ನೇ ಪ್ರತಿಯಿಂದ ಶುರು. ಅಷ್ಟು ಮಾರಾಟವಾಗದೇ ಹೋದರೆ, ಹಸ್ತಪ್ರತಿಯನ್ನು ಸರಿಯಾಗಿ ಒಪ್ಪಿಸಿದ್ದರೆ, ಅಡ್ವಾನ್ಸ್ ವಾಪಸ್ ಕೊಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಆದರೆ ಎರಡನೇ ಪುಸ್ತಕಕ್ಕೆ ಹೋದಾಗ ಆ ಮಾರಾಟದ ಅಂಕಿ ಎದುರಿಗೆ ಬಂದು ಕೂರುತ್ತದೆ. ಹಾಗಾಗಿ ದೊಡ್ಡ ಅಡ್ವಾನ್ಸ್ ಯಾವಾಗಲೂ ಒಳ್ಳೆಯದೇ ಅನ್ನಲಾರೆ.

ಇಂಗ್ಲಿಷ್‌ನ ದೊಡ್ಡ ಮಾರುಕಟ್ಟೆಗೆ ಹೋಗುವವರಿಗೆ ಲಿಟರರಿ ಏಜೆಂಟ್, ಅಂದರೆ ಲೇಖಕರ ಪರವಾಗಿ ಪ್ರಕಾಶಕರ ಜೊತೆ ವ್ಯವಹರಿಸುವವರು, ಬೇಕಾಗಬಹುದು. ಅವರ ಪಾಲು ಸಾಮಾನ್ಯವಾಗಿ ನಿಮ್ಮ ಆದಾಯದ ಶೇಕಡಾ 15, ವಿದೇಶಿ ಹಕ್ಕು ಮಾರಿದರೆ ಶೇಕಡಾ 20ರ ಆಸುಪಾಸು. ಇದು ಪುಸ್ತಕ ಮಾರಿದ ಮೇಲೆ ಹಿಡಿದುಕೊಳ್ಳುವ ದುಡ್ಡು. ‘ಮೊದಲು ಓದಲು ಫೀಸು ಕೊಡಿ’ ಅನ್ನುವ ಏಜೆಂಟ್ ಸಿಕ್ಕರೆ ನಮಸ್ಕಾರ ಹೇಳಿ ಬಂದುಬಿಡಿ. ಅಲ್ಲಿ ಇನ್ನೊಂದು ಪದ್ಧತಿ ಗೊತ್ತಿರಲಿ: ಹೊಸಬರ ಕಾದಂಬರಿಯನ್ನು ಪೂರ್ತಿ ಬರೆದ ಮೇಲೆಯೇ ನೋಡುತ್ತಾರೆ. ಕಥೆಯಲ್ಲದ ಪುಸ್ತಕವನ್ನು ಒಂದು ಪ್ರಸ್ತಾವ ಮತ್ತು ಒಂದೆರಡು ಮಾದರಿ ಅಧ್ಯಾಯದ ಮೇಲೂ ಕೊಂಡುಕೊಳ್ಳುತ್ತಾರೆ. ಅರ್ಧ ಕಾದಂಬರಿ ಹಿಡಿದು ಹೋಗುವುದರಿಂದ ಉಪಯೋಗವಿಲ್ಲ.

ಇನ್ನು ಸ್ವಂತ ಪ್ರಕಟಣೆ. ಅಮೆಜಾನ್‌ನ ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್‌ನಲ್ಲಿ ಇ-ಪುಸ್ತಕಕ್ಕೆ ಶೇಕಡಾ 35 ಮತ್ತು ಶೇಕಡಾ 70 ಎಂಬ ಎರಡು ರಾಯಲ್ಟಿ ಆಯ್ಕೆಗಳಿವೆ. 70 ಸಿಗಬೇಕಾದರೆ ಬೆಲೆ ಅವರು ಹೇಳಿದ ಮಿತಿಯೊಳಗೆ ಇರಬೇಕು, ಇನ್ನೂ ಕೆಲವು ಷರತ್ತುಗಳಿವೆ. ಅವರ ಸೆಲೆಕ್ಟ್ ಯೋಜನೆಗೆ ಸೇರಿದರೆ 90 ದಿನ ಆ ಇ-ಪುಸ್ತಕವನ್ನು ಬೇರೆಲ್ಲೂ ಮಾರುವ ಹಾಗಿಲ್ಲ. ಅಚ್ಚಿನ ಪ್ರತಿಗೆ ಅವರೇ ಪುಕ್ಕಟೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೊಡುತ್ತಾರೆ, ಆದರೆ ಆ ಸಂಖ್ಯೆಯನ್ನು ಇನ್ನೊಂದು ಕಡೆ ಅಚ್ಚು ಹಾಕಿಸುವಾಗ ಬಳಸಲು ಬರುವುದಿಲ್ಲ. ಬೇಡಿಕೆ ಬಂದಷ್ಟೇ ಪ್ರತಿ ಅಚ್ಚು ಹಾಕುವ ಪ್ರಿಂಟ್ ಆನ್ ಡಿಮಾಂಡ್ ಬಂದ ಮೇಲೆ ಸಾವಿರ ಪ್ರತಿ ಮಂಚದ ಕೆಳಗೆ ಇಟ್ಟುಕೊಳ್ಳುವ ಕಷ್ಟ ತಪ್ಪಿದೆ.

ಈ 70 ನೋಡಿ ಪ್ರಕಾಶಕರು ಕೊಡುವ 10 ಎಲ್ಲಿ ಅನಿಸುವುದು ಸಹಜ. ಆದರೆ ಆ 10ರ ಹಿಂದೆ ಸಂಪಾದನೆ, ಕರಡು ತಿದ್ದುವುದು, ಮುಖಪುಟ, ಪುಟವಿನ್ಯಾಸ, ಅಚ್ಚು, ಅಂಗಡಿಗೆ ಮುಟ್ಟಿಸುವುದು ಎಲ್ಲ ಪ್ರಕಾಶಕರ ಖರ್ಚಿನಲ್ಲಿ ಆಗಿರುತ್ತದೆ. ಸ್ವಂತ ಪ್ರಕಟಣೆಯಲ್ಲಿ ಅದೆಲ್ಲ ನಿಮ್ಮ ಜೇಬಿನಿಂದ, ಇಲ್ಲವೇ ಆಗುವುದೇ ಇಲ್ಲ. ಮೊದಲು ಕೈಬಿಡುವುದು ಯಾವುದನ್ನು ಗೊತ್ತಾ? ಸಂಪಾದಕರನ್ನು. ಮುಖಪುಟಕ್ಕೆ ದುಡ್ಡು ಕೊಟ್ಟು ಸಂಪಾದನೆ ಬಿಟ್ಟ ಪುಸ್ತಕ ಹತ್ತು ಪುಟ ಓದುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ.

ನನ್ನ ಒಲವು ಹೀಗೆ. ಮೊದಲ ಕಾದಂಬರಿ ಅಥವಾ ಕಥಾಸಂಕಲನವಾದರೆ ಪ್ರಕಾಶಕರನ್ನು ಹುಡುಕಿ, ತಡವಾದರೂ ಪರವಾಗಿಲ್ಲ. ನಿಮ್ಮದು ಒಂದು ನಿರ್ದಿಷ್ಟ ವಿಷಯದ ಪುಸ್ತಕವಾಗಿದ್ದು, ಓದುಗರು ಎಲ್ಲಿದ್ದಾರೆ ಅಂತ ನಿಮಗೆ ಚೆನ್ನಾಗಿ ಗೊತ್ತಿದ್ದರೆ, ನೀವೇ ತರಬಹುದು. ಪಾಠ ಹೇಳುವವರು, ತರಬೇತಿ ನೀಡುವವರು, ಒಂದೇ ಪ್ರಕಾರದಲ್ಲಿ ವರ್ಷಕ್ಕೆ ಎರಡು ಮೂರು ಪತ್ತೇದಾರಿ ಕಾದಂಬರಿ ಬರೆಯಬಲ್ಲವರು ಸ್ವಂತ ಪ್ರಕಟಣೆಯಲ್ಲಿ ಗೆಲ್ಲುವ ಸಾಧ್ಯತೆ ಹೆಚ್ಚು.

ಇವೆರಡರ ನಡುವೆ ಮೂರನೆಯದೊಂದು ಇದೆ, ಅದಕ್ಕೆ ಹೋಗಬೇಡಿ. ತಮ್ಮನ್ನು ಪ್ರಕಾಶಕರು ಅಂತಲೇ ಕರೆದುಕೊಂಡು, ಹಸ್ತಪ್ರತಿಯನ್ನು ಎರಡೇ ದಿನದಲ್ಲಿ ‘ಅದ್ಭುತ’ ಅಂದು, ‘ಖರ್ಚಿನಲ್ಲಿ ನಿಮ್ಮ ಪಾಲು ಇಷ್ಟು’ ಅನ್ನುವವರು. ಅವರ ಲಾಭ ನಿಮ್ಮ ಪುಸ್ತಕ ಮಾರುವುದರಲ್ಲಿಲ್ಲ, ನಿಮ್ಮಿಂದ ದುಡ್ಡು ತೆಗೆದುಕೊಂಡಾಗಲೇ ಬಂದುಬಿಟ್ಟಿರುತ್ತದೆ. ಆಮೇಲೆ ಅವರು ಯಾಕೆ ಓಡಾಡುತ್ತಾರೆ?

ಬೇರೆ ಕೆಲಸ, ತನ್ನ ಬರವಣಿಗೆ

ಇದನ್ನು ‘ವೃತ್ತಿ’ಯ ಪಟ್ಟಿಗೆ ಸೇರಿಸಲು ಕೆಲವರು ಒಪ್ಪುವುದಿಲ್ಲ. ನಾನು ಸೇರಿಸುತ್ತೇನೆ. ಇಂಗ್ಲೆಂಡಿನ ಆಂಥನಿ ಟ್ರಾಲೊಪ್ 1834ರಿಂದ 1867ರ ತನಕ ಅಂಚೆ ಇಲಾಖೆಯಲ್ಲಿದ್ದವನು. ಒಟ್ಟು 47 ಕಾದಂಬರಿ ಬರೆದ, ಅದರಲ್ಲಿ ಬಹಳಷ್ಟನ್ನು ಕೆಲಸದಲ್ಲಿದ್ದಾಗಲೇ. ಬೆಳಗ್ಗೆ 5:30ಕ್ಕೆ ಮೇಜಿನ ಮುಂದೆ ಕೂರುತ್ತಿದ್ದ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು, ಆಮೇಲೆ ಎದುರಿಗೆ ಗಡಿಯಾರ ಇಟ್ಟುಕೊಂಡು ಪ್ರತಿ ಕಾಲು ಗಂಟೆಗೆ 250 ಪದ. ತನ್ನನ್ನು ಎಬ್ಬಿಸಲು ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡುತ್ತಿದ್ದನಂತೆ! ಪ್ರಾಗ್‌ನ ಲೇಖಕ ಕಾಫ್ಕಾ 1908ರಿಂದ 1922ರ ತನಕ ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿದ್ದ. ಕೆಲಸ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತಿತ್ತು, ಬರವಣಿಗೆ ರಾತ್ರಿ. ಇಬ್ಬರಲ್ಲಿ ಒಬ್ಬ ಬೆಳಗಿನವನು, ಒಬ್ಬ ರಾತ್ರಿಯವನು. ಇಬ್ಬರೂ ಬರವಣಿಗೆಗೆ ಅಂತ ಒಂದು ಹೊತ್ತು ತೆಗೆದಿಟ್ಟಿದ್ದರು ಅನ್ನುವುದನ್ನು ಗಮನಿಸಿ.

ಆ ಹೊತ್ತೇ ಇಲ್ಲಿ ಮುಖ್ಯ. ಸಂಬಳ ಜಾಸ್ತಿ ಇದ್ದು, ರಾತ್ರಿ ಹತ್ತಕ್ಕೂ ಫೋನ್ ಬರುವ ಕೆಲಸಕ್ಕಿಂತ, ಸಂಬಳ ಸ್ವಲ್ಪ ಕಡಿಮೆಯಿದ್ದು ಐದು ಗಂಟೆಗೆ ತಲೆಯಿಂದ ಇಳಿಯುವ ಕೆಲಸ ಬರೆಯುವವರಿಗೆ ಒಳ್ಳೆಯದು. ಈ ದಾರಿಯಲ್ಲಿ ಹಕ್ಕು ಪೂರ್ತಿ ನಿಮ್ಮದು, ಏನು ಬರೆಯಬೇಕು ಅಂತ ಯಾರೂ ಹೇಳುವುದಿಲ್ಲ. ಕೆಲಸದ ಒಪ್ಪಂದದಲ್ಲಿ ಹೊರಗಿನ ಆದಾಯದ ಬಗ್ಗೆ ಏನಿದೆ ಅಂತ ಮಾತ್ರ ಒಮ್ಮೆ ನೋಡಿಕೊಳ್ಳಿ. ಕೊರತೆ ಅಂದರೆ ತಿದ್ದುವವರು ಇಲ್ಲ, ಡೆಡ್‌ಲೈನ್ ಇಲ್ಲ. ಎರಡನ್ನೂ ನೀವೇ ಮಾಡಿಕೊಳ್ಳಬೇಕು. ಬರೆಯುವ ಇನ್ನಿಬ್ಬರು ಸಿಕ್ಕರೆ ತಿಂಗಳಿಗೊಮ್ಮೆ ಒಬ್ಬರದನ್ನು ಒಬ್ಬರು ಪೆನ್ನು ಹಿಡಿದು ಓದುವ ಕರಾರು ಮಾಡಿಕೊಳ್ಳಿ.

ಅನುವಾದ, ಚಿತ್ರಕಥೆ

ಎರಡೂ ದೊಡ್ಡ ಲೋಕಗಳು. ಇಲ್ಲಿ ಎರಡೆರಡೇ ಮಾತು. ಅನುವಾದ ಮಾಡಲು ಮೂಲ ಲೇಖಕರ ಒಪ್ಪಿಗೆ ಬೇಕು, ಅದು ಅವರ ಹಕ್ಕು. ಪುಸ್ತಕ ಪೂರ್ತಿ ಅನುವಾದಿಸಿ ಆಮೇಲೆ ಒಪ್ಪಿಗೆ ಕೇಳಲು ಹೋಗಬೇಡಿ. ಒಪ್ಪಿಗೆ ಪಡೆದು ಮಾಡಿದ ಅನುವಾದದ ಮೇಲೆ ಅನುವಾದಕರಿಗೂ ತಮ್ಮದೇ ಹಕ್ಕು ಇರುತ್ತದೆ, ಅದನ್ನು ಸುಮ್ನೆ ಬರೆದುಕೊಟ್ಟುಬಿಡಬೇಡಿ. ಚಿತ್ರಕಥೆಯಲ್ಲಿ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಅನ್ನುವ ಲೆಕ್ಕವಿದೆ. ಬರೆದದ್ದು ಹತ್ತು ಜನರ ಕೈ ದಾಟಿ ಬೇರೆಯೇ ಆಗುತ್ತದೆ. ಒಬ್ಬರೇ ಕೂತು ಬರೆಯುವುದು ಇಷ್ಟ ಅನ್ನುವವರಿಗೆ ಅದು ಹಿಡಿಸುವುದಿಲ್ಲ. ಜನರ ಜೊತೆ ಕೂತು ಜಗಳವಾಡಿ ಕಥೆ ಕಟ್ಟುವುದರಲ್ಲಿ ಖುಷಿ ಕಾಣುವವರಿಗೆ ಹೇಳಿ ಮಾಡಿಸಿದ ಜಾಗ.

ಹಾಗಾದರೆ ಯಾರಿಗೆ ಯಾವುದು?

ಉಳಿತಾಯ ಇಲ್ಲದವರು, ಮನೆಯ ಜವಾಬ್ದಾರಿ ಹೊತ್ತವರು ಸಂಬಳದ ಬರವಣಿಗೆಯಿಂದ ಶುರು ಮಾಡಲಿ. ಎರಡನೇ ಯೋಚನೆ ಬೇಡ. ತಿದ್ದುವವರೂ ಸಿಗುತ್ತಾರೆ. ಬೇರೊಂದು ಕ್ಷೇತ್ರದಲ್ಲಿ ಹತ್ತು ವರ್ಷ ಕಳೆದು ಬರವಣಿಗೆಗೆ ಹೊರಳುತ್ತಿರುವವರು ಆ ಕ್ಷೇತ್ರದ ಕಂಪನಿಗಳಿಗೆ ಬರೆದುಕೊಡುವುದರಿಂದ ಶುರು ಮಾಡಬಹುದು, ಗಿರಾಕಿಗಳು ಪರಿಚಯದವರಲ್ಲೇ ಸಿಗುತ್ತಾರೆ. ಜನರ ನಡುವೆ ಓಡಾಡುವುದು, ಪ್ರಶ್ನೆ ಕೇಳುವುದು ಇಷ್ಟ, ಒಂದು ವರ್ಷ ಆದಾಯ ಏರುಪೇರಾದರೂ ತಡೆದುಕೊಳ್ಳಬಲ್ಲೆ ಅನ್ನುವವರಿಗೆ ಪತ್ರಿಕೆಯ ಬಿಡಿ ಲೇಖನ. ಒಂದೇ ಒಂದು ಕಾದಂಬರಿ ತಲೆಯಲ್ಲಿ ಕೂತು ಬಿಡುತ್ತಲೇ ಇಲ್ಲ ಅನ್ನುವವರು ಐದು ಗಂಟೆಗೆ ಮುಗಿಯುವ ಕೆಲಸ ಹುಡುಕಿಕೊಳ್ಳಲಿ. ಕಾದಂಬರಿಯ ದುಡ್ಡಿನಿಂದ ಕಾದಂಬರಿ ಬರೆಯುವ ಹೊತ್ತನ್ನು ಕೊಂಡುಕೊಳ್ಳುತ್ತೇನೆ ಅನ್ನುವುದು ಮೊದಲ ಪುಸ್ತಕಕ್ಕೆ ಆಗುವ ಮಾತಲ್ಲ.

ನಿಜದಲ್ಲಿ ಹೆಚ್ಚಿನವರು ಎರಡನ್ನು ಬೆರೆಸಿಕೊಳ್ಳುತ್ತಾರೆ. ವಾರದಲ್ಲಿ ಮೂರು ದಿನ ಗಿರಾಕಿಗಳಿಗೆ, ಎರಡು ದಿನ ಹೆಸರು ಬರುವ ಬರವಣಿಗೆಗೆ ಅನ್ನುವುದು ಚೆನ್ನಾಗಿ ನಡೆಯುವ ಜೋಡಿ. ಸುದ್ದಿಮನೆಯ ಡೆಸ್ಕ್ ಕೆಲಸ ಮತ್ತು ಕಾದಂಬರಿ ಅಷ್ಟು ಚೆನ್ನಾಗಿ ಹೊಂದುವುದಿಲ್ಲ, ಎರಡೂ ಒಂದೇ ಶಕ್ತಿಯನ್ನು ಕೇಳುತ್ತವೆ.

ಸಂಬಳ ಬಿಟ್ಟು ಫ್ರೀಲ್ಯಾನ್ಸ್‌ಗೆ ಯಾವಾಗ ಹಾರಬೇಕು? ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇರಬೇಕು, ಮತ್ತೆ ಮತ್ತೆ ಕೆಲಸ ಕೊಡುವವರು ಕನಿಷ್ಠ ಮೂವರಿರಬೇಕು. ಒಬ್ಬರೇ ದೊಡ್ಡ ಗಿರಾಕಿ ಇದ್ದರೆ ಅದು ರಜೆಯಿಲ್ಲದ, ಪಿಂಚಣಿಯಿಲ್ಲದ ನೌಕರಿ ಅಷ್ಟೇ. ಅವರು ‘ಈ ವರ್ಷ ಬಜೆಟ್ ಇಲ್ಲ’ ಅಂದ ದಿನ ನಿಮ್ಮ ಆದಾಯವೂ ನಿಂತಿತು.

ಯಾವ ದಾರಿ ಹಿಡಿದರೂ ಮೊದಲ ದಿನದಿಂದಲೇ ಒಂದು ಪಟ್ಟಿ ಇಟ್ಟುಕೊಳ್ಳಿ. ಯಾರಿಗೆ ಏನು ಕಳಿಸಿದೆ, ಯಾವತ್ತು, ಏನು ಉತ್ತರ ಬಂತು, ಎಷ್ಟಕ್ಕೆ ಒಪ್ಪಿದ್ದು, ಇನ್‌ವಾಯ್ಸ್ ಯಾವಾಗ ಕಳಿಸಿದೆ, ದುಡ್ಡು ಯಾವಾಗ ಬಂತು, ಯಾವ ಹಕ್ಕು ಕೊಟ್ಟೆ, ಎಷ್ಟು ಗಂಟೆ ಹಿಡಿಯಿತು. ಕೊನೆಯ ಕಾಲಂ ತುಂಬಲು ಬೇಜಾರಾಗುತ್ತದೆ, ಆದರೂ ತುಂಬಿ. ವರ್ಷದ ಕೊನೆಯಲ್ಲಿ ಯಾವ ಕೆಲಸ ಬಿಡಬೇಕು, ಯಾವುದಕ್ಕೆ ದರ ಏರಿಸಬೇಕು ಅಂತ ಹೇಳುವುದು ಅದೇ ಕಾಲಂ. ತೆರಿಗೆ ಕಟ್ಟುವಾಗಲೂ ಅದೇ ಪಟ್ಟಿ ಬೇಕಾಗುತ್ತದೆ, ಹಾಗಾಗಿ ಇನ್‌ವಾಯ್ಸ್‌ಗಳ ಪ್ರತಿಯನ್ನೂ ಅದರ ಜೊತೆಗೇ ಇಟ್ಟುಬಿಡಿ.